ಸೇನೆ ಬಿಟ್ಟು ಆಫ್ರಿಕಾದ ಇತಿಹಾಸ ಹಿಡಿದವರು: ದಂಗೆ ಅಡಗಿಸಿದ ಪಡೆಯ ಅಧಿಕಾರಿಯೇ ದಂಗೆಯ ಕಥೆ ಬರೆದದ್ದು ಹೇಗೆ?

ಸೇನೆಯಿಂದ ನಿವೃತ್ತಿಯಾಗಿ ಊರಿಗೆ ಬಂದವರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಎಲ್ಲರೂ ಕೇಳೋ ಮೊದಲ ಪ್ರಶ್ನೆ ಒಂದೇ: "ಮುಂದೇನು ಮಾಡ್ತೀರಿ?" ಬ್ಯಾಂಕಿನಲ್ಲಿ ಸೆಕ್ಯೂರಿಟಿ ಕೆಲಸ, ಇರೋ ಜಮೀನು ನೋಡಿಕೊಳ್ಳೋದು, ಇಲ್ಲಾಂದ್ರೆ ಒಂದು ಅಂಗಡಿ. ಉತ್ತರ ಸಾಮಾನ್ಯವಾಗಿ ಈ ಮೂರರಲ್ಲೇ ಸುತ್ತುತ್ತೆ. "ಯೂನಿವರ್ಸಿಟಿಗೆ ಹೋಗಿ ಇತಿಹಾಸ ಓದ್ತೀನಿ" ಅಂದವರನ್ನು ಜನ ವಿಚಿತ್ರವಾಗಿ ನೋಡಬಹುದು. ಅದೂ ಆಫ್ರಿಕಾದ ಇತಿಹಾಸ ಅಂದ್ರೆ ಕೇಳೋದೇ ಬೇಡ.

ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಕೆಲವರು ಹೀಗೇ ಮಾಡಿದರು. ಸಮವಸ್ತ್ರ ಕಳಚಿ ಓದಿಗೆ ಕೂತರು, ಆಫ್ರಿಕಾಕ್ಕೆ ಇತಿಹಾಸವೇ ಇಲ್ಲ ಅಂತ ದೊಡ್ಡ ಪ್ರೊಫೆಸರ್‌ಗಳೇ ಹೇಳುತ್ತಿದ್ದ ಕಾಲದಲ್ಲಿ ಆ ಇತಿಹಾಸ ಬರೆದರು. ಅವರಲ್ಲಿ ಜಾರ್ಜ್ ಶೆಪರ್ಸನ್ ಅವರ ಕಥೆ ಸ್ವಲ್ಪ ವಿಶೇಷ. ಯಾಕಂದ್ರೆ ಅವರು ಯಾವ ಪಡೆಯ ಸಮವಸ್ತ್ರ ಹಾಕಿದ್ದರೋ, ಅದೇ ಪಡೆ 1915ರಲ್ಲಿ ಅಡಗಿಸಿದ ದಂಗೆಯ ಇತಿಹಾಸವನ್ನು ಮುಂದೆ ಅವರೇ ಬರೆದರು.

ಯಾರು ಈ ಶೆಪರ್ಸನ್?

ಶೆಪರ್ಸನ್ ಹುಟ್ಟಿದ್ದು 1922ರಲ್ಲಿ, ಇಂಗ್ಲೆಂಡಿನ ಪೀಟರ್‌ಬರೋ ಊರಿನಲ್ಲಿ. ಯುದ್ಧದಿಂದಾಗಿ ಕೇಂಬ್ರಿಜ್‌ನ ಓದು ಅರ್ಧಕ್ಕೇ ನಿಂತಿತು. ಸೇನೆ ಸೇರಿದ ಅವರನ್ನು ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಎಂಬ ಪಡೆಗೆ ಹಾಕಿದರು. ಪೂರ್ವ ಆಫ್ರಿಕಾದ ಬ್ರಿಟಿಷ್ ವಸಾಹತುಗಳಲ್ಲಿ ಕಟ್ಟಿದ ಪಡೆ ಅದು. ಸಿಪಾಯಿಗಳೆಲ್ಲ ಆಫ್ರಿಕಾದವರು, ಅಧಿಕಾರಿಗಳು ಬಿಳಿಯರು. ಬ್ರಿಟಿಷರ ಕಾಲದ ಭಾರತೀಯ ಸೇನೆ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ.

ಶೆಪರ್ಸನ್ ಇದ್ದದ್ದು ನ್ಯಾಸಲ್ಯಾಂಡ್‌ನ ಸೈನಿಕರ ಜೊತೆ. ಈಗಿನ ಮಲಾವಿ ದೇಶಕ್ಕೆ ಆಗ ಇದ್ದ ಹೆಸರು ನ್ಯಾಸಲ್ಯಾಂಡ್. ಕೀನ್ಯಾ, ಟಾಂಗನಿಕಾ, ಸಿಲೋನ್, ಭಾರತ, ಬರ್ಮಾ ಅಂತ ಅವರು 1946ರವರೆಗೂ ಈ ಸೈನಿಕರ ಜೊತೆ ಓಡಾಡಿದರು.

ಬರ್ಮಾ ಯುದ್ಧದಲ್ಲಿ ಭಾರತೀಯ ಸೈನಿಕರ ಪಕ್ಕದಲ್ಲೇ ಆಫ್ರಿಕಾದ ಸೈನಿಕರೂ ಹೋರಾಡಿದ್ದರು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. 1944ರ ಮಳೆಗಾಲದಲ್ಲಿ 11ನೇ ಪೂರ್ವ ಆಫ್ರಿಕಾ ಡಿವಿಷನ್ ಮಲೇರಿಯಾ ತುಂಬಿದ ಕಬಾವ್ ಕಣಿವೆಯಲ್ಲಿ ಜಪಾನೀಯರನ್ನು ಹಿಂದಕ್ಕೆ ಅಟ್ಟುತ್ತಾ ಹೋಯಿತು. ಪಶ್ಚಿಮ ಆಫ್ರಿಕಾದ 81 ಮತ್ತು 82ನೇ ಡಿವಿಷನ್‌ಗಳು ಅರಾಕಾನ್ ಕಡೆ ಇದ್ದವು. ಮಣಿಪುರದ ಇಂಫಾಲ್‌ನಲ್ಲಿರುವ ಯುದ್ಧ ಸ್ಮಶಾನದಲ್ಲಿ ಇವತ್ತಿಗೂ ಆಫ್ರಿಕಾದ ಸೈನಿಕರ ಸಮಾಧಿಗಳಿವೆ.

ಯುದ್ಧ ಮುಗಿದ ಮೇಲೆ ಶೆಪರ್ಸನ್ ಕೇಂಬ್ರಿಜ್‌ಗೆ ವಾಪಸ್ ಹೋಗಿ ಓದು ಮುಗಿಸಿದರು. 1948ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಲೆಕ್ಚರರ್ ಆದರು. ಜೊತೆಗಿದ್ದ ನ್ಯಾಸಲ್ಯಾಂಡ್ ಸೈನಿಕರು ಮಾತ್ರ ಅವರ ತಲೆಯಿಂದ ಹೋಗಲಿಲ್ಲ. ಆ ಒಡನಾಟದಿಂದಲೇ ಆ ನಾಡಿನ ಇತಿಹಾಸದ ಆಸಕ್ತಿ ಹುಟ್ಟಿತು. ಅದು ಅವರನ್ನು ಜಾನ್ ಚಿಲೆಂಬ್ವೆ ಎಂಬ ಹೆಸರಿನ ಹತ್ತಿರ ತಂದು ನಿಲ್ಲಿಸಿತು.

ಏನಿದು 1915ರ ದಂಗೆ?

ಚಿಲೆಂಬ್ವೆ ನ್ಯಾಸಲ್ಯಾಂಡ್‌ನ ಒಬ್ಬ ಪಾದ್ರಿ. 1897ರಲ್ಲಿ ಅಮೆರಿಕಕ್ಕೆ ಹೋಗಿ ವರ್ಜೀನಿಯಾದಲ್ಲಿ ಕಪ್ಪು ಜನರ ಸೆಮಿನರಿಯೊಂದರಲ್ಲಿ ಓದಿದರು. 1900ರಲ್ಲಿ ಊರಿಗೆ ಮರಳಿ ಚಿರಾಡ್ಜುಲು ಎಂಬಲ್ಲಿ ಮಿಷನ್ ಕಟ್ಟಿದರು, ಶಾಲೆಗಳನ್ನು ತೆರೆದರು, ಇಟ್ಟಿಗೆಯ ದೊಡ್ಡ ಚರ್ಚ್ ಎಬ್ಬಿಸಿದರು.

ಅವರ ಮಿಷನ್ ಪಕ್ಕದಲ್ಲೇ ಮಗೊಮೆರೊ ಎಂಬ ಎಸ್ಟೇಟ್. ವಿಸ್ತೀರ್ಣ ಸುಮಾರು 1,69,000 ಎಕರೆ. ಅಲ್ಲಿ ಗುಡಿಸಲು ಹಾಕಿಕೊಂಡವರು ಬಾಡಿಗೆ ಬದಲು ಎಸ್ಟೇಟ್‌ಗೆ ದುಡಿಯಬೇಕಿತ್ತು. ಈ ಪದ್ಧತಿಗೆ 'ಥಂಗಾಟ' ಅಂತ ಹೆಸರು. ಇಲ್ಲಿನ ಹಿರಿಯರ ಬಾಯಲ್ಲಿ ಬರೋ ಬಿಟ್ಟಿ ಚಾಕರಿ ನೆನಪು ಮಾಡಿಕೊಂಡರೆ ಸಾಕು, ಅರ್ಥ ಆಗುತ್ತೆ. ಮಳೆ ಬಿದ್ದು ಸ್ವಂತ ಹೊಲಕ್ಕೆ ಬಿತ್ತನೆ ಮಾಡಬೇಕಾದ ಹೊತ್ತಿನಲ್ಲೇ ಎಸ್ಟೇಟಿನ ಹತ್ತಿ ಕೆಲಸಕ್ಕೂ ಕರೆ ಬರುತ್ತಿತ್ತು. ಇದರ ಮೇಲೆ ಗುಡಿಸಲು ತೆರಿಗೆ ಬೇರೆ. ಎಸ್ಟೇಟಿನ ಮ್ಯಾನೇಜರ್ ವಿಲಿಯಂ ಜೆರ್ವಿಸ್ ಲಿವಿಂಗ್‌ಸ್ಟನ್ ತನ್ನ ಜಾಗದಲ್ಲಿದ್ದ ಚಿಲೆಂಬ್ವೆಯ ಪ್ರಾರ್ಥನಾ ಗುಡಿಸಲುಗಳನ್ನು ಸುಡಿಸಿದ್ದ.

ಚಿಲೆಂಬ್ವೆ ಜೊತೆ ನಿಂತವರು ಕೂಲಿಯವರು ಮಾತ್ರ ಅಲ್ಲ. ಸ್ವಲ್ಪ ಜಮೀನು ಮಾಡಿಕೊಂಡವರು, ಸಣ್ಣ ವ್ಯಾಪಾರ ಮಾಡೋರು, ಓದು ಕಲಿತವರೂ ಇದ್ದರು. ದುಡಿದು ಸ್ವಲ್ಪ ಮೇಲೆ ಬಂದ ಆಫ್ರಿಕನ್ನರಿಗೂ ಬಿಳಿಯರ ಎದುರು ಮರ್ಯಾದೆ ಇರಲಿಲ್ಲ. ಬಿಳಿಯ ಎದುರು ಬಂದರೆ ತಲೆಯ ಮೇಲಿನ ಹ್ಯಾಟ್ ತೆಗೆಯಬೇಕಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಪಕ್ಕದ ಜರ್ಮನ್ ಪೂರ್ವ ಆಫ್ರಿಕಾದ ಗಡಿಯಲ್ಲಿ ನ್ಯಾಸಲ್ಯಾಂಡ್‌ನ ಜನ ಸಾಯತೊಡಗಿದರು. ತಮ್ಮದಲ್ಲದ ಜಗಳಕ್ಕೆ ಆಫ್ರಿಕನ್ನರು ಯಾಕೆ ರಕ್ತ ಕೊಡಬೇಕು ಅಂತ ಚಿಲೆಂಬ್ವೆ ಅಲ್ಲಿನ ಪತ್ರಿಕೆಗೆ ಪತ್ರ ಬರೆದರು. ಸರ್ಕಾರ ಅದನ್ನು ಜನರಿಗೆ ತಲುಪಲು ಬಿಡಲಿಲ್ಲ.

1915ರ ಜನವರಿ 23ರ ರಾತ್ರಿ ದಂಗೆ ಶುರುವಾಯಿತು. ಮ್ಯಾನೇಜರ್ ಲಿವಿಂಗ್‌ಸ್ಟನ್‌ನನ್ನು ಅವನ ಮನೆಯಲ್ಲೇ ಕೊಂದರು. ಅವನೂ ಸೇರಿ ಮೂವರು ಬಿಳಿಯ ಗಂಡಸರು ಸತ್ತರು. ಹೆಂಗಸರಿಗೆ, ಮಕ್ಕಳಿಗೆ ಏನೂ ಮಾಡಬಾರದು ಅಂತ ಚಿಲೆಂಬ್ವೆ ಹೇಳಿದ್ದರು, ಅದರಂತೆ ಅವರಿಗೆ ಯಾರೂ ಕೈ ಹಚ್ಚಲಿಲ್ಲ. ಬ್ಲಾಂಟೈರ್ ಪಟ್ಟಣದಲ್ಲಿ ಆಫ್ರಿಕನ್ ಲೇಕ್ಸ್ ಕಂಪನಿಯ ಉಗ್ರಾಣಕ್ಕೆ ನುಗ್ಗಿದವರಿಗೆ ಸಿಕ್ಕಿದ್ದು ಕೆಲವೇ ಬಂದೂಕು. ಜನ ದೊಡ್ಡ ಸಂಖ್ಯೆಯಲ್ಲಿ ಎದ್ದು ಬರಲಿಲ್ಲ.

ಸರ್ಕಾರ ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಸೈನಿಕರನ್ನು, ಬಿಳಿಯ ಸ್ವಯಂಸೇವಕರನ್ನು ಕಳಿಸಿತು. ಮಿಷನ್ನಿನ ಚರ್ಚ್ ಅನ್ನು ಡೈನಮೈಟ್ ಇಟ್ಟು ಉರುಳಿಸಿದರು. ಫೆಬ್ರವರಿ 3ರಂದು ಮೊಜಾಂಬಿಕ್ ಗಡಿ ಹತ್ತಿರ ಚಿಲೆಂಬ್ವೆಯನ್ನು ಗುಂಡಿಟ್ಟು ಕೊಂದರು. ಮೂವತ್ತಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಆಯಿತು, ನೂರಾರು ಜನ ಜೈಲಿಗೆ ಹೋದರು. ಸತ್ತವರಲ್ಲಿ ಡೇವಿಡ್ ಕಡುಯಾ ಎಂಬುವರಿದ್ದರು. ದಂಗೆಯ ಒಂದು ತಂಡವನ್ನು ನಡೆಸಿದ ಇವರು ಹಿಂದೆ ಅದೇ ಕಿಂಗ್ಸ್ ಆಫ್ರಿಕನ್ ರೈಫಲ್ಸ್‌ನಲ್ಲಿ ಸಿಪಾಯಿಯಾಗಿದ್ದವರು.

ಸರ್ಕಾರಿ ಕಡತದಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು

ದಂಗೆ ಆದ ಮೇಲೆ ಸರ್ಕಾರ ವಿಚಾರಣಾ ಆಯೋಗ ಮಾಡಿತು, 1916ರಲ್ಲಿ ವರದಿಯೂ ಬಂತು. ಎಸ್ಟೇಟಿನಲ್ಲಿ ಜನರನ್ನು ಕಠಿಣವಾಗಿ ನಡೆಸಿಕೊಂಡದ್ದನ್ನು ವರದಿ ಒಪ್ಪಿಕೊಂಡಿತ್ತು. ಆದರೂ ಆಳುವವರ ಕಣ್ಣಲ್ಲಿ ಚಿಲೆಂಬ್ವೆ ತಲೆಕೆಟ್ಟ ದಂಗೆಕೋರನಾಗಿಯೇ ಉಳಿದರು. ಊರಿನ ಜನರ ನೆನಪಿನಲ್ಲಿ ಅವರು ಬೇರೆಯೇ ಆಗಿದ್ದರು.

ಶೆಪರ್ಸನ್ ಈ ಎರಡನ್ನೂ ಎದುರುಬದುರು ಇಟ್ಟರು. ಅವರ ಜೊತೆ ಕೈಜೋಡಿಸಿದವರು ಥಾಮಸ್ ಪ್ರೈಸ್. ಪ್ರೈಸ್ ನ್ಯಾಸಲ್ಯಾಂಡ್‌ನಲ್ಲಿ ಮಿಷನರಿಯಾಗಿದ್ದವರು. ಸರ್ಕಾರಿ ಕಡತ, ಮಿಷನ್ ಪತ್ರ, ಅಮೆರಿಕದ ಕಪ್ಪು ಚರ್ಚುಗಳ ದಾಖಲೆ, ಬದುಕಿದ್ದವರ ಮಾತು, ಹೀಗೆ ಮೂರು ಖಂಡಗಳಿಂದ ಒಂದೊಂದೇ ಕೂಡಿಸಿ 1958ರಲ್ಲಿ 'ಇಂಡಿಪೆಂಡೆಂಟ್ ಆಫ್ರಿಕನ್' ಎಂಬ ದೊಡ್ಡ ಪುಸ್ತಕ ತಂದರು.

ಪುಸ್ತಕ ಬಂದ ಹೊತ್ತನ್ನೂ ಗಮನಿಸಬೇಕು. ನ್ಯಾಸಲ್ಯಾಂಡ್ ಕುದಿಯುತ್ತಿತ್ತು. ಮರುವರ್ಷ, 1959ರ ಮಾರ್ಚ್ 3ರಂದು ಅಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ನಾಯಕ ಹೇಸ್ಟಿಂಗ್ಸ್ ಬಾಂಡಾ ಜೈಲು ಸೇರಿದರು. 1964ರ ಜುಲೈ 6ರಂದು ಮಲಾವಿ ಸ್ವತಂತ್ರವಾಯಿತು. ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಜನರಿಗೆ, ನಮಗೂ ಮೊದಲೇ ಒಬ್ಬರು ಇದಕ್ಕೆ ಪ್ರಾಣ ಕೊಟ್ಟಿದ್ದಾರೆ ಅನ್ನೋದು ದಾಖಲೆ ಸಮೇತ ಸಿಕ್ಕಿತು.

ಈಗ ಮಲಾವಿಯಲ್ಲಿ ಪ್ರತಿ ಜನವರಿ 15 ಚಿಲೆಂಬ್ವೆ ದಿನ, ಸರ್ಕಾರಿ ರಜೆ. ಅಲ್ಲಿನ ನೋಟುಗಳ ಮೇಲೆ ಅವರ ಚಿತ್ರವಿದೆ. 2022ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲೇ ಅವರ ಪ್ರತಿಮೆ ನಿಂತಿತು. ಮಲಾವಿ ಮೂಲದ ಕಲಾವಿದ ಸ್ಯಾಮ್ಸನ್ ಕಂಬಾಲು ಮಾಡಿದ ಆ ಪ್ರತಿಮೆಯಲ್ಲಿ ಚಿಲೆಂಬ್ವೆ ತಲೆಯ ಮೇಲಿನ ಹ್ಯಾಟ್ ತೆಗೆದಿಲ್ಲ. ಎರಡು ವರ್ಷ ಅದು ಅಲ್ಲಿತ್ತು.

ಸೈನಿಕನಿಗೆ ಇತಿಹಾಸ ಯಾಕೆ ಒಗ್ಗುತ್ತೆ, ಎಲ್ಲಿ ಎಡವುತ್ತೆ?

ಸೇನೆಯಲ್ಲಿ ಕಲಿತದ್ದು ಓದಿಗೆ ಬರಲ್ಲ ಅನ್ನೋದು ತಪ್ಪು. ಉಪಯೋಗಕ್ಕೆ ಬರೋದು ಇಷ್ಟಿದೆ:

* ದೂರದ ಊರು, ಗುಡ್ಡ, ನದಿ, ದಾರಿಯನ್ನು ಕಾಲಲ್ಲಿ ನಡೆದು ನೋಡಿರುತ್ತಾರೆ. ನಕ್ಷೆ ಓದೋದು ಅವರಿಗೆ ಹೊಸದಲ್ಲ.
* ಬೇರೆ ಭಾಷೆಯ, ಬೇರೆ ಊಟದ ಜನರ ಜೊತೆ ವರ್ಷಗಟ್ಟಲೆ ಒಂದೇ ಟೆಂಟಿನ ಸುತ್ತ ಇದ್ದಿರುತ್ತಾರೆ.
* ವರದಿ ಹೇಗೆ ತಯಾರಾಗುತ್ತೆ, ಮೇಲಿನವರಿಗೆ ಹೋಗುವಾಗ ಅದರಲ್ಲಿ ಏನು ಬಿಟ್ಟುಹೋಗುತ್ತೆ ಅನ್ನೋದು ಗೊತ್ತಿರುತ್ತೆ.
* ಬೇಸರ ಇಲ್ಲದೆ ಕೂತು ಕೆಲಸ ಮುಗಿಸೋ ಶಿಸ್ತು ಇರುತ್ತೆ. ಹಳೇ ಕಡತದ ಕೋಣೆಯಲ್ಲಿ ಇದು ತುಂಬಾ ಬೇಕು.

ಆದರೆ ಬಿಡಬೇಕಾದ್ದೂ ಇದೆ. ಸೇನೆಯಲ್ಲಿ ಆದೇಶ ಬಂದರೆ ಮಾಡಬೇಕು, ಇತಿಹಾಸದಲ್ಲಿ ಆದೇಶ ಕೊಟ್ಟವರನ್ನೇ ಪ್ರಶ್ನೆ ಕೇಳಬೇಕು. ಸೇನೆಯಲ್ಲಿ ಎದುರಿನವನು ಶತ್ರು, ಇತಿಹಾಸದಲ್ಲಿ ಅವನಿಗೂ ಹೆಂಡತಿ ಮಕ್ಕಳು, ಸಾಲ, ಸಿಟ್ಟು, ಕಾರಣ ಇರುತ್ತೆ. ಅಧಿಕಾರಿಯಾಗಿದ್ದವರಿಗೆ ಇನ್ನೊಂದು ಕಷ್ಟ. ಸಿಪಾಯಿ ತನ್ನ ಎದುರು ಹೇಳಿದ್ದೆಲ್ಲ ಅವನ ಮನಸ್ಸಿನ ಮಾತು ಅಂದುಕೊಂಡರೆ ಕೆಟ್ಟರು. ಸಾಹೇಬರ ಎದುರು ಜನ ಹೇಳೋದೇ ಬೇರೆ, ಮನೆ ಜಗುಲಿಯಲ್ಲಿ ಹೇಳೋದೇ ಬೇರೆ. ಚಿಲೆಂಬ್ವೆಯ ಕಥೆಯಲ್ಲಿ ಸರ್ಕಾರಿ ವರದಿಯೊಂದನ್ನೇ ನಂಬಿದ್ದರೆ ಶೆಪರ್ಸನ್ ಪುಸ್ತಕಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಇನ್ನೂ ಯಾರಿದ್ದರು?

ಆಂಟನಿ ಕರ್ಕ್-ಗ್ರೀನ್: 1943ರಿಂದ 47ರವರೆಗೆ ಭಾರತೀಯ ಸೇನೆಯಲ್ಲೇ ಇದ್ದವರು, 8ನೇ ಪಂಜಾಬ್ ರೆಜಿಮೆಂಟ್. ಕೇಂಬ್ರಿಜ್‌ನಲ್ಲಿ ಓದಿ ಉತ್ತರ ನೈಜೀರಿಯಾದಲ್ಲಿ ಬ್ರಿಟಿಷ್ ಆಡಳಿತಾಧಿಕಾರಿಯಾದರು, ಹೌಸಾ ಭಾಷೆ ಕಲಿತರು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಆಫ್ರಿಕಾದ ಆಧುನಿಕ ಇತಿಹಾಸ ಕಲಿಸಿದರು. ನೈಜೀರಿಯಾದ ಅಂತರ್ಯುದ್ಧದ ದಾಖಲೆಗಳನ್ನು ಒಟ್ಟುಮಾಡಿದ ಅವರ ಸಂಪುಟಗಳನ್ನು ಸಂಶೋಧಕರು ಈಗಲೂ ತೆಗೆದು ನೋಡುತ್ತಾರೆ.

ಜಾನ್ ಫೇಜ್: ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ. 1949ರಲ್ಲಿ ಈಗಿನ ಘಾನಾದ ಹೊಸ ಯೂನಿವರ್ಸಿಟಿ ಕಾಲೇಜಿಗೆ ಪಾಠ ಮಾಡಲು ಹೋದರು. 1960ರಲ್ಲಿ ರೋಲಂಡ್ ಆಲಿವರ್ ಜೊತೆ ಸೇರಿ 'ಜರ್ನಲ್ ಆಫ್ ಆಫ್ರಿಕನ್ ಹಿಸ್ಟರಿ' ಎಂಬ ಪತ್ರಿಕೆ ಶುರು ಮಾಡಿದರು. ಅದು ಈಗಲೂ ಬರುತ್ತಿದೆ.

ಬೇಸಿಲ್ ಡೇವಿಡ್ಸನ್: 16ನೇ ವಯಸ್ಸಿಗೇ ಶಾಲೆ ಬಿಟ್ಟವರು. ಯುದ್ಧದಲ್ಲಿ ಯುಗೊಸ್ಲಾವಿಯಾ, ಇಟಲಿಯ ಬೆಟ್ಟಗಳಲ್ಲಿ ಗೆರಿಲ್ಲಾ ಹೋರಾಟಗಾರರ ಜೊತೆ ಇದ್ದರು. ಆಮೇಲೆ ಪತ್ರಕರ್ತರಾಗಿ ಆಫ್ರಿಕಾ ಸುತ್ತಿ ಆ ಖಂಡದ ಹಳೇ ರಾಜ್ಯಗಳ ಬಗ್ಗೆ ಸಾಮಾನ್ಯರಿಗೂ ಅರ್ಥವಾಗುವ ಪುಸ್ತಕ ಬರೆದರು. ಕಾಲೇಜು ಡಿಗ್ರಿ ಇಲ್ಲದ ಅವರಿಗೆ ಮುಂದೆ ವಿಶ್ವವಿದ್ಯಾಲಯಗಳೇ ಗೌರವ ಪದವಿ ಕೊಟ್ಟವು.

ಇವರೆಲ್ಲ ಬರೆಯುತ್ತಿದ್ದಾಗಲೂ ವಿರೋಧ ಕಡಿಮೆ ಇರಲಿಲ್ಲ. 1963ರಲ್ಲಿ ಆಕ್ಸ್‌ಫರ್ಡ್ ಪ್ರೊಫೆಸರ್ ಹ್ಯೂ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಇರೋದು ಯುರೋಪಿಯನ್ನರ ಇತಿಹಾಸ ಮಾತ್ರ, ಉಳಿದದ್ದು ಬರೀ ಕತ್ತಲೆ ಎಂಬ ಅರ್ಥದ ಮಾತು ಹೇಳಿದ್ದರು. ಅವರೂ ಯುದ್ಧಕಾಲದಲ್ಲಿ ಬ್ರಿಟಿಷ್ ಗುಪ್ತಚರ ವಿಭಾಗದಲ್ಲಿದ್ದವರೇ. ಅಂದ್ರೆ ಸೇನೆಗೆ ಹೋಗಿ ಬಂದ ಮಾತ್ರಕ್ಕೆ ಎಲ್ಲರ ಕಣ್ಣೂ ತೆರೆಯುತ್ತೆ ಅಂತೇನಿಲ್ಲ.

ಹಾಗಂತ ಆಫ್ರಿಕಾದ ಇತಿಹಾಸವನ್ನು ಬರೆದವರು ಬಿಳಿಯರು ಮಾತ್ರ ಅಂದುಕೊಳ್ಳಬಾರದು. ನೈಜೀರಿಯಾದ ಕೆನೆತ್ ಡಿಕೆ 1956ರಲ್ಲೇ ನೈಜರ್ ನದೀಮುಖದ ವ್ಯಾಪಾರ ಮತ್ತು ರಾಜಕೀಯದ ಇತಿಹಾಸ ಪ್ರಕಟಿಸಿದ್ದರು. ಇಬಾಡನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಇತಿಹಾಸಕಾರರ ಒಂದು ತಲೆಮಾರನ್ನೇ ಬೆಳೆಸಿದರು.

ಅದೇ ಯುದ್ಧ, ಅವರಿಗೆ ಕಾಲೇಜು, ಇವರಿಗೆ ಗುಂಡು

ಬ್ರಿಟನ್ನಿನಲ್ಲಿ ಯುದ್ಧದಿಂದ ಮರಳಿದವರ ಓದಿಗೆ ಸರ್ಕಾರವೇ ಹಣ ಕೊಡುವ ಯೋಜನೆ ಇತ್ತು. ಅಮೆರಿಕದಲ್ಲಿ 1944ರ 'ಜಿಐ ಬಿಲ್' ಕಾಯ್ದೆಯಿಂದ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಮರಳಿ ಬಂದವರಿಗೆ ಓದಿನ ಬಾಗಿಲು ತೆರೆದಿದ್ದರಿಂದಲೇ ಇಂಥ ಬದಲಾವಣೆ ಸಾಧ್ಯವಾಯಿತು.

ಆದರೆ ಬರ್ಮಾದಲ್ಲಿ ಅದೇ ಕೆಸರು ತುಳಿದ ಆಫ್ರಿಕಾದ ಸಿಪಾಯಿಗಳಿಗೆ ಆ ಬಾಗಿಲು ತೆರೆಯಲಿಲ್ಲ. 1948ರ ಫೆಬ್ರವರಿ 28ರಂದು ಈಗಿನ ಘಾನಾದ ಅಕ್ರಾ ನಗರದಲ್ಲಿ ಮಾಜಿ ಸೈನಿಕರು ತಮಗೆ ಬರಬೇಕಾದ್ದನ್ನು ಕೇಳಲು ಗವರ್ನರ್ ಬಂಗಲೆ ಕಡೆ ಮೆರವಣಿಗೆ ಹೊರಟರು. ಪೊಲೀಸರು ದಾರಿಯಲ್ಲೇ ಗುಂಡು ಹಾರಿಸಿದರು. ಸಾರ್ಜೆಂಟ್ ಅಜೆಟಿ, ಕಾರ್ಪೋರಲ್ ಅಟಿಪೋ, ಪ್ರೈವೇಟ್ ಒಡಾರ್ಟಿ ಲ್ಯಾಂಪ್ಟಿ ಎಂಬ ಮೂವರು ಸತ್ತರು. ಊರೆಲ್ಲ ಗಲಭೆ ಎದ್ದಿತು. ಒಂಬತ್ತು ವರ್ಷದಲ್ಲಿ, 1957ಕ್ಕೆ, ಘಾನಾ ಸ್ವತಂತ್ರವಾಯಿತು.

ಕೀನ್ಯಾದ ವಾರುಹಿಯು ಇಟೋಟೆ ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಸೈನಿಕರಾಗಿ ಬರ್ಮಾಕ್ಕೆ ಬಂದಿದ್ದವರು. ಊರಿಗೆ ಹೋದ ಮೇಲೆ 'ಜನರಲ್ ಚೈನಾ' ಎಂಬ ಹೆಸರಿನಲ್ಲಿ ಬ್ರಿಟಿಷರ ವಿರುದ್ಧವೇ ಮೌ ಮೌ ಹೋರಾಟದ ನಾಯಕರಾದರು. ನಂತರ ತಮ್ಮ ಕಥೆಯನ್ನು ತಾವೇ ಪುಸ್ತಕ ಮಾಡಿದರು. ಶೆಪರ್ಸನ್ ಕೂತದ್ದು ಎಡಿನ್‌ಬರೋ ಲೈಬ್ರರಿಯಲ್ಲಿ, ಇಟೋಟೆ ಹೋದದ್ದು ಮೌಂಟ್ ಕೀನ್ಯಾ ಕಾಡಿಗೆ. ಇಬ್ಬರೂ ಒಂದೇ ಪಡೆಯವರು.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ?

1965ರಲ್ಲಿ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಆಫ್ರಿಕಾ ಇತಿಹಾಸದ ಸಮ್ಮೇಳನ ನಡೆಯಿತು. ಅಲ್ಲಿ ಶೆಪರ್ಸನ್ 'ಆಫ್ರಿಕನ್ ಡಯಾಸ್ಪೊರಾ' ಕುರಿತು ಪ್ರಬಂಧ ಓದಿದರು. ಡಯಾಸ್ಪೊರಾ ಅಂದ್ರೆ ತಾಯ್ನಾಡಿನಿಂದ ಚದುರಿ ದೂರದೂರಲ್ಲಿ ನೆಲೆಯಾದ ಜನ. ಗುಲಾಮರಾಗಿ ಸಾಗಿಸಲ್ಪಟ್ಟು ಬೇರೆ ಬೇರೆ ದೇಶಗಳಲ್ಲಿ ಉಳಿದ ಆಫ್ರಿಕನ್ನರನ್ನು ಒಟ್ಟಾಗಿ ನೋಡಬೇಕು ಎಂಬ ಈ ವಿಚಾರ ವಿಶ್ವವಿದ್ಯಾಲಯಗಳಲ್ಲಿ ಹರಡಲು ಆ ಪ್ರಬಂಧದ ಪಾಲು ದೊಡ್ಡದು.

ಆ ಚದುರಿದ ಜನರಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳೂ ಸೇರುತ್ತಾರೆ. ಧಾರವಾಡ, ಬೆಳಗಾವಿ ಜಿಲ್ಲೆಯ ಕಾಡಂಚಿನಲ್ಲೂ ಅವರ ಊರುಗಳಿವೆ. ಸಂತೆಯಲ್ಲಿ ಕನ್ನಡ, ಕೊಂಕಣಿ ಮಾತಾಡುತ್ತಾ ವ್ಯಾಪಾರ ಮಾಡುವ ಸಿದ್ದಿಗಳನ್ನು "ನೀವು ಯಾವ ದೇಶದವರು?" ಅಂತ ಈಗಲೂ ಕೇಳುವವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆಫ್ರಿಕಾದ ಇತಿಹಾಸ ಗೊತ್ತಿದ್ದರೆ ಪಕ್ಕದ ತಾಲ್ಲೂಕಿನ ಇತಿಹಾಸವೂ ಗೊತ್ತಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇಲ್ಲಿನ ಮಾಜಿ ಸೈನಿಕರು ಓದಬೇಕು ಅಂದ್ರೆ?

* ಸೇನೆಯಿಂದ ಬರುವ ಹೆಚ್ಚಿನ ಜವಾನರಿಗೆ ನಿವೃತ್ತಿ ಹೊತ್ತಿಗೆ ನಲವತ್ತರ ಆಸುಪಾಸು. ಓದಿಗೆ ಅದು ತಡ ಅಲ್ಲ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದ್ರೆ ಇಗ್ನೋದಲ್ಲಿ ಮನೆಯಲ್ಲಿದ್ದುಕೊಂಡೇ ಡಿಗ್ರಿ ಮುಗಿಸಿ ಇತಿಹಾಸದಲ್ಲಿ ಎಂಎ ಮಾಡಬಹುದು. ಗರಿಷ್ಠ ವಯಸ್ಸಿನ ಮಿತಿ ಇಲ್ಲ.
* ಆಫ್ರಿಕಾ ಅಧ್ಯಯನಕ್ಕೇ ಮೀಸಲಾದ ವಿಭಾಗಗಳು ದೆಹಲಿ ವಿಶ್ವವಿದ್ಯಾಲಯ, ಜೆಎನ್‌ಯು ಮತ್ತು ಮುಂಬೈ ವಿಶ್ವವಿದ್ಯಾಲಯದಲ್ಲಿವೆ. ದೆಹಲಿಯ ವಿಭಾಗ 1955ರಷ್ಟು ಹಳೆಯದು.
* ಯುಜಿಸಿ ನೆಟ್ ಪರೀಕ್ಷೆಯಲ್ಲಿ ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. ಸಂಶೋಧನಾ ಫೆಲೋಶಿಪ್‌ಗೆ ಮಿತಿ ಇದೆ, ಸೇನೆಯಲ್ಲಿದ್ದವರಿಗೆ ಸೇವಾವಧಿ ನೋಡಿ ಸಡಿಲಿಕೆ ಕೊಡುತ್ತಾರೆ. ಅರ್ಜಿ ಹಾಕೋ ಮೊದಲು ಆ ವರ್ಷದ ಅಧಿಸೂಚನೆ ಓದಿಕೊಳ್ಳಬೇಕು.
* ಡಿಸ್ಚಾರ್ಜ್ ಬುಕ್, ಸೇನೆಯಲ್ಲಿ ಪಾಸಾದ ಶಿಕ್ಷಣದ ಸರ್ಟಿಫಿಕೇಟ್‌ಗಳನ್ನು ಜೋಪಾನ ಮಾಡಬೇಕು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಕಾಂಗೋ, ಸುಡಾನ್, ಸೊಮಾಲಿಯಾ ಕಡೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಕೆಲಸ ಮಾಡಿ ಬಂದ ಭಾರತೀಯ ಸೈನಿಕರು ಸಾವಿರಾರು ಮಂದಿ. ಅಲ್ಲಿನ ಹಳ್ಳಿ, ಸಂತೆ, ರಸ್ತೆ, ಜನರ ಮಾತು ಅವರ ನೆನಪಿನಲ್ಲಿವೆ. ಡಿಗ್ರಿ ಮಾಡಲಿ ಬಿಡಲಿ, ಯಾವ ಊರು, ಯಾವ ವರ್ಷ, ಜೊತೆಗಿದ್ದವರು ಯಾರು, ಅಲ್ಲಿನ ಜನ ಏನು ಹೇಳುತ್ತಿದ್ದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೂ ಸಾಕು, ಮುಂದೆ ಯಾರಿಗಾದರೂ ಅದು ದಾಖಲೆಯಾಗುತ್ತೆ.

ಶೆಪರ್ಸನ್ 1986ರವರೆಗೂ ಎಡಿನ್‌ಬರೋದಲ್ಲಿ ಕಲಿಸಿದರು. 2020ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಯುದ್ಧದಲ್ಲಿ ಜೊತೆಗಿದ್ದ ಸಿಪಾಯಿಗಳ ನಾಡಿನ ಬಗ್ಗೆ ಅವರು ಬರೆದ ಪುಸ್ತಕ ಇಲ್ಲದೆ ಇವತ್ತಿಗೂ ಮಲಾವಿಯ ಇತಿಹಾಸ ಓದಲು ಆಗಲ್ಲ.